ಪಾಲಿಶ್, ವ್ಯಾಕ್ಸ್ ಎರಡೂ ಒಂದೇ ಬಾಟಲಿಯಲ್ಲಿ: ಕಾರಿಗೆ ಆಲ್ ಇನ್ ಒನ್ ಆರಿಸುವುದು ಹೇಗೆ

ಆಲ್ ಇನ್ ಒನ್ ಬಾಟಲಿ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ವ್ಯಾಕ್ಸ್ ಎಷ್ಟು ತಿಂಗಳು ಬಾಳುತ್ತದೆ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಇದು ಎಷ್ಟು ಉಜ್ಜುತ್ತದೆ ಅನ್ನುವುದನ್ನು ಮೊದಲು ಕೇಳಬೇಕು. ಕಾರಣ ಸರಳ. ವ್ಯಾಕ್ಸ್ ಸಾಲದೆ ಹೋದರೆ ಮುಂದಿನ ಸಲ ಕಾರು ತೊಳೆದಾಗ ಮೇಲೆ ಒಂದು ಸ್ಪ್ರೇ ಸೀಲಂಟ್ (ಬಣ್ಣಕ್ಕೆ ರಕ್ಷಣೆಯ ಪದರ ಕೊಡುವ ದ್ರವ) ಹೊಡೆದು ಒರೆಸಿದರಾಯಿತು, ಹತ್ತಿಪ್ಪತ್ತು ನಿಮಿಷದ ಕೆಲಸ. ಆದರೆ ಗೀರುಗಳು ಹೋಗದೆ ಹಾಗೇ ಉಳಿದರೆ ಇಡೀ ಕಾರನ್ನು ಮತ್ತೆ ಮೊದಲಿಂದ ಉಜ್ಜಬೇಕು. ಅರ್ಧ ದಿನ ಹೋಯಿತು ಅಂತಲೇ ಲೆಕ್ಕ.

ಆದ್ದರಿಂದ ಇಲ್ಲಿ ನಾನು ಬಾಟಲಿಗಳನ್ನು ಹೋಲಿಸುವುದು ಆ ಕ್ರಮದಲ್ಲೇ. ಮೊದಲು ಉಜ್ಜುವ ಶಕ್ತಿ, ಆಮೇಲೆ ಕೈಯಲ್ಲಿ ಹಚ್ಚುವುದೋ ಪಾಲಿಶ್ ಮಷೀನ್‌ನಲ್ಲೋ, ಕೊನೆಗೆ ಮೇಣ.

ಬಾಟಲಿಯೊಳಗೆ ಏನಿದೆ

ಮೂರು ಬಗೆಯ ಸಾಮಾನು ಒಂದೇ ಕಡೆ ಸೇರಿರುತ್ತದೆ. ಒಂದು, ಬಣ್ಣದ ಮೇಲ್ಪದರವನ್ನು ಉಜ್ಜಿ ನಯ ಮಾಡುವ ಪುಡಿ. ಹೆಚ್ಚಾಗಿ ಇದು ಅಲ್ಯೂಮಿನಿಯಂ ಆಕ್ಸೈಡ್‌ನ ತೀರಾ ಸಣ್ಣ ಕಣಗಳು. ಎರಡು, ಆ ಪುಡಿ ಒಣಗದೆ ಜಾರುತ್ತಾ ಓಡಾಡಲಿ ಅಂತ ಹಾಕುವ ಎಣ್ಣೆ ಮತ್ತು ಸಾಲ್ವೆಂಟ್. ಕೆಲವು ಬಾಟಲಿಗಳಲ್ಲಿ ಇದರ ಜೊತೆಗೆ ಫಿಲ್ಲರ್ ಕೂಡ ಇರುತ್ತದೆ, ಅದು ಗೀರಿನ ಸಂದಿಯಲ್ಲಿ ಕೂತು ಗೀರು ಕಾಣದ ಹಾಗೆ ಮಾಡುತ್ತದೆ. ಮೂರನೆಯದು ಕೊನೆಗೆ ಮೇಲೆ ಉಳಿಯುವ ರಕ್ಷಣೆಯ ಪದರ: ಕಾರ್ನೂಬಾ ಮೇಣ, ಪಾಲಿಮರ್ ಸೀಲಂಟ್, ಇಲ್ಲವೆ ಸಿಲಿಕಾ ಸೇರಿಸಿದ ರಾಳ.

ಈ ಮೂರಕ್ಕೂ ಒಂದಕ್ಕೊಂದು ಅಷ್ಟು ಹೊಂದಿಕೆಯಿಲ್ಲ. ಸೀಲಂಟ್ ಗಟ್ಟಿಯಾಗಿ ಹಿಡಿಯಬೇಕಾದರೆ ಕೆಳಗೆ ಬಣ್ಣ ಬರಿದಾಗಿ, ಶುದ್ಧವಾಗಿ ಇರಬೇಕು. ಪಾಲಿಶ್ ಓಡಬೇಕಾದರೆ ಅಲ್ಲಿ ಎಣ್ಣೆ ಇರಬೇಕು. ಎಣ್ಣೆ ಸವರಿದ ಗೋಡೆಗೆ ಸುಣ್ಣ ಹಚ್ಚಿದ ಹಾಗೆ, ಹತ್ತುತ್ತದೆ, ಆದರೆ ಪೂರ್ತಿ ಹಿಡಿಯುವುದಿಲ್ಲ. ಹಾಗಾಗಿ ಬರಿ ಬಣ್ಣದ ಮೇಲೆ ಬೇರೆಯಾಗಿ ಹಚ್ಚಿದ ಒಳ್ಳೆ ಸೀಲಂಟ್ ಬಾಳುವಷ್ಟು ದಿನ ಆಲ್ ಇನ್ ಒನ್‌ನ ಪದರ ಬಾಳುವುದಿಲ್ಲ. ತಯಾರಕರ ಕೌಶಲ ಇರುವುದೇ ಇಲ್ಲಿ, ಯಾವುದನ್ನು ಎಷ್ಟು ಬಿಟ್ಟುಕೊಡುವುದು ಅನ್ನುವುದರಲ್ಲಿ. ಒಬ್ಬರು ಪುಡಿ ಜಾಸ್ತಿ ಹಾಕಿ ಮೇಣ ಕಡಿಮೆ ಮಾಡುತ್ತಾರೆ, ಇನ್ನೊಬ್ಬರು ಪುಡಿಯನ್ನೇ ಹೆಚ್ಚುಕಮ್ಮಿ ಕೈಬಿಟ್ಟು ಹೊಳಪಿಗೆ ಒತ್ತು ಕೊಡುತ್ತಾರೆ. ಎರಡೂ ಬಾಟಲಿಯ ಮೇಲೆ ಬರೆದಿರುವ ಮಾತು ಮಾತ್ರ ಹೆಚ್ಚುಕಮ್ಮಿ ಒಂದೇ. ಗೊಂದಲ ಶುರುವಾಗುವುದು ಅಲ್ಲಿಂದಲೇ.

ಮೊದಲು ಕಾರು ನೋಡಿ

ಕಾರನ್ನು ಚೆನ್ನಾಗಿ ತೊಳೆದು ಒಣಗಿಸಿ, ನೆರಳಿನಲ್ಲಿ ನಿಲ್ಲಿಸಿ, ಒಂದು ಜೋರು ಬೆಳಕಿನ ಟಾರ್ಚ್ ಹಿಡಿದು ಬಾನೆಟ್ ನೋಡಿ. ಬೆಳಕಿನ ಸುತ್ತ ಜೇಡರ ಬಲೆಯಂತೆ ಸುರುಳಿ ಗೆರೆಗಳು ಕಂಡರೆ ಅವು ಸ್ವರ್ಲ್ ಮಾರ್ಕ್. ಕೊಳಕು ಬಟ್ಟೆಯಲ್ಲಿ ಒರೆಸಿದ್ದರಿಂದ, ಧೂಳಿನ ಮೇಲೇ ಉಜ್ಜಿದ್ದರಿಂದ, ಬ್ರಶ್ ತಿರುಗುವ ಕಾರ್ ವಾಶ್‌ನಿಂದ ಆಗುವ ಸಣ್ಣ ಸಣ್ಣ ಗೀರುಗಳವು. ನಿಜಕ್ಕೂ ಅವು ಸುತ್ತಿಕೊಂಡಿರುವುದಿಲ್ಲ, ಎಲ್ಲ ದಿಕ್ಕಿಗೂ ಚದುರಿರುತ್ತವೆ. ಬೆಳಕಿಗೆ ಅಡ್ಡವಾಗಿರುವ ಗೀರುಗಳಷ್ಟೇ ಹೊಳೆಯುವುದರಿಂದ ಸುರುಳಿಯಂತೆ ಕಾಣುತ್ತವೆ.

ಗೀರಿನ ಮೇಲೆ ಉಗುರನ್ನು ಮೆಲ್ಲಗೆ ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಆ ಗೀರು ಆಳವಾಗಿದೆ ಅಂತ ಅರ್ಥ, ಅದನ್ನು ಯಾವ ಆಲ್ ಇನ್ ಒನ್ ಕೂಡ ತೆಗೆಯುವುದಿಲ್ಲ. ತೆಗೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಂಪನಿಯಿಂದ ಬರುವ ಕಾರಿನ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿರುವ ಪಾರದರ್ಶಕ ಪದರ, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ ಇರುತ್ತದೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಗೂದಲಿಗಿಂತಲೂ ತೆಳುವಾದ ಆ ಪದರವನ್ನು ನಂಬಿಕೊಂಡೇ ಎಲ್ಲ ಪಾಲಿಶ್ ನಡೆಯುವುದು. ಹೋದ ಕ್ಲಿಯರ್ ಕೋಟ್ ವಾಪಸ್ ಬರುವುದಿಲ್ಲ. ಆಳವಾದ ಗೀರಿಗೆ ಅಂತ ಸಿಟ್ಟಿನಿಂದ ಒಂದೇ ಕಡೆ ಉಜ್ಜುತ್ತಾ ನಿಂತರೆ ಅಲ್ಲಿ ಬಣ್ಣವೇ ಕಾಣಿಸಿಕೊಳ್ಳಬಹುದು, ಅದಕ್ಕೆ ಪರಿಹಾರ ಪೇಂಟ್ ಅಂಗಡಿಯೇ.

ಈ ಪರೀಕ್ಷೆಯ ನಂತರ ನಿಮ್ಮ ಕಾರು ಮೂರರಲ್ಲಿ ಒಂದು ಗುಂಪಿಗೆ ಸೇರುತ್ತದೆ. ಹೆಚ್ಚು ಗೀರಿಲ್ಲ, ಬರೀ ಮಂಕಾಗಿದೆ. ಇಲ್ಲವೆ, ಸ್ವರ್ಲ್ ಸಾಕಷ್ಟಿದೆ ಆದರೆ ಉಗುರಿಗೆ ಸಿಗುವುದಿಲ್ಲ. ಅಥವಾ, ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಗೀರು, ನೀರಿನ ಕಲೆ, ಹಕ್ಕಿ ಹಿಕ್ಕೆಯ ಗುರುತು ಎಲ್ಲ ಸೇರಿ ಕೆಟ್ಟಿದೆ. ಮೊದಲ ಎರಡಕ್ಕೆ ಆಲ್ ಇನ್ ಒನ್ ಒಳ್ಳೆಯ ಆಯ್ಕೆ. ಮೂರನೆಯದಕ್ಕೆ ಮೊದಲು ಕಾಂಪೌಂಡ್, ಅಂದರೆ ಇನ್ನೂ ಜೋರಾಗಿ ಉಜ್ಜುವ ಪಾಲಿಶ್ ಬೇಕು, ಆಮೇಲೆ ಬೇಕಾದರೆ ಆಲ್ ಇನ್ ಒನ್‌ನಿಂದ ಮುಗಿಸಬಹುದು.

ನಾಲ್ಕು ಬಗೆಯ ಬಾಟಲಿಗಳು

ಮೊದಲನೆಯದು ಕ್ಲೀನರ್ ವ್ಯಾಕ್ಸ್. ಇದರಲ್ಲಿ ಉಜ್ಜುವ ಪುಡಿ ತೀರಾ ಮೃದು, ಇಲ್ಲವೆ ಇರುವುದೇ ಇಲ್ಲ. ಕೊಳೆ, ಹಳೆ ಮೇಣ, ಮಂಕು ಹಿಡಿದ ಪದರವನ್ನು ರಾಸಾಯನಿಕವಾಗಿ ಕರಗಿಸಿ ಎತ್ತುತ್ತದೆ. ಮೆಗ್ವಾಯರ್ಸ್ ಕಂಪನಿಯ ಕ್ಲೀನರ್ ವ್ಯಾಕ್ಸ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಕ್ಲಾಸೆ ಆಲ್ ಇನ್ ಒನ್ ಕೂಡ ಹಳೆಯ ಹೆಸರು, ಅದು ಅಕ್ರಿಲಿಕ್ ಆಧಾರಿತ, ಗೀರು ಉಜ್ಜುವ ಕೆಲಸ ಅದರದ್ದಲ್ಲ. ಇವನ್ನು ಕೈಯಲ್ಲಿ ಸ್ಪಂಜಿನ ತುಂಡಿನಿಂದ ಹಚ್ಚಿದರೂ ಫಲ ಸಿಗುತ್ತದೆ. ಹೊಸ ಕಾರು, ಒಂದೆರಡು ವರ್ಷದ ಕಾರು, ಬಿಳಿ ಅಥವಾ ಬೆಳ್ಳಿ ಬಣ್ಣದ ಕಾರು ಇದ್ದವರಿಗೆ ಇಷ್ಟು ಸಾಕು. ಆದರೆ ಸ್ವರ್ಲ್ ಹೋಗಲಿ ಅನ್ನುವ ಆಸೆಯಿಂದ ಕೊಂಡರೆ ನಿರಾಸೆಯಾಗುತ್ತದೆ. ಕಾರು ಚೊಕ್ಕಟವಾಗುತ್ತದೆ, ಮುಟ್ಟಿದರೆ ನುಣ್ಣಗಿರುತ್ತದೆ, ಟಾರ್ಚ್ ಬಿಟ್ಟರೆ ಗೀರು ಅಲ್ಲೇ ಇರುತ್ತದೆ.

ಎರಡನೆಯದು ಗೀರು ತುಂಬುವ ಬಗೆ. ಆಟೋಗ್ಲಿಮ್ ಸೂಪರ್ ರೆಸಿನ್ ಪಾಲಿಶ್ ಇದರಲ್ಲಿ ಬಹಳ ಹೆಸರುವಾಸಿ. ಸ್ವಲ್ಪ ಉಜ್ಜುತ್ತದೆ, ಸ್ವಲ್ಪ ತುಂಬುತ್ತದೆ. ಕೈಯಲ್ಲಿ ಹಚ್ಚಿದರೂ ಸಣ್ಣ ಗೀರುಗಳು ಮಾಯವಾದ ಹಾಗೆ ಕಾಣುತ್ತದೆ, ಕಪ್ಪು ಕಾರಿನ ಮೇಲಂತೂ ತಕ್ಷಣ ವ್ಯತ್ಯಾಸ ತಿಳಿಯುತ್ತದೆ. ಇದನ್ನು ಮೋಸ ಅನ್ನುವವರಿದ್ದಾರೆ, ನಾನು ಹಾಗೆ ಅನ್ನುವುದಿಲ್ಲ. ಕ್ಲಿಯರ್ ಕೋಟ್ ಮೊದಲೇ ತೆಳುವಾಗಿರುವ ಹಳೆ ಕಾರಿಗೆ, ಇನ್ನೊಂದು ಸಲ ಉಜ್ಜುವ ಧೈರ್ಯ ಇಲ್ಲದ ಕಡೆ, ತುಂಬಿ ಮರೆಮಾಡುವುದೇ ಜಾಣತನ. ಷರತ್ತು ಇಷ್ಟೇ: ತುಂಬಿದ್ದು ತೊಳೆತೊಳೆಯುತ್ತಾ ಕೆಲವು ವಾರಗಳಲ್ಲಿ ಹೋಗುತ್ತದೆ, ಗೀರುಗಳು ಮತ್ತೆ ಇಣುಕುತ್ತವೆ. ಆದ್ದರಿಂದ ಅದರ ಮೇಲೆ ಗಟ್ಟಿಯಾದ ಇನ್ನೊಂದು ಪದರ ಬೇಕು. ಆಟೋಗ್ಲಿಮ್ ಕಂಪನಿಯೇ ಇದರ ಮೇಲೆ ತನ್ನ ಎಕ್ಸ್‌ಟ್ರಾ ಗ್ಲಾಸ್ ಪ್ರೊಟೆಕ್ಷನ್ ಹಚ್ಚಲು ಹೇಳುತ್ತದೆ, ಅಂದರೆ ಒಂದೇ ಬಾಟಲಿಯ ಕೆಲಸ ಅಂತ ಕೊಂಡದ್ದು ಕೊನೆಗೆ ಎರಡು ಬಾಟಲಿಯ ಕೆಲಸ ಆಗುತ್ತದೆ. ಅದು ಗೊತ್ತಿದ್ದೇ ಕೊಳ್ಳಿ.

ಮೂರನೆಯದು ಮಷೀನ್‌ಗೆ ಅಂತಲೇ ಮಾಡಿದ ಒಂದೇ ಹಂತದ ಪಾಲಿಶ್. ನನ್ನ ಮೆಚ್ಚಿನ ಗುಂಪು ಇದು, ಯಾಕೆಂದರೆ ಇದರಲ್ಲಿ ಉಜ್ಜುವ ಪುಡಿ ನಿಜವಾಗಿ ಕೆಲಸ ಮಾಡುವಷ್ಟಿರುತ್ತದೆ. ಮೆಗ್ವಾಯರ್ಸ್‌ನ ಡಿ151, ತ್ರೀಡಿ ಸ್ಪೀಡ್, ಮೆನ್ಜರ್ನಾ ತ್ರೀ ಇನ್ ಒನ್, ಕೋಖ್ ಕೆಮಿಯ ಒನ್ ಕಟ್ ಅಂಡ್ ಫಿನಿಶ್, ಇವೆಲ್ಲ ಈ ಸಾಲಿಗೆ ಸೇರುತ್ತವೆ. ದಿನಕ್ಕೊಂದೆರಡು ಕಾರು ಮುಗಿಸಬೇಕಾದ ಡೀಟೇಲಿಂಗ್‌ನವರು (ಕಾರು ಶುಚಿ ಮಾಡಿ ಹೊಳಪು ಕೊಡುವುದೇ ಕಸುಬಾದವರು) ಬಳಸುವುದು ಇಂಥವನ್ನೇ. ಗ್ರಾಹಕ ಎರಡು ಹಂತದ ಪಾಲಿಶ್‌ಗೆ ದುಡ್ಡು ಕೊಡಲು ಸಿದ್ಧನಿಲ್ಲ, ಆದರೆ ಕಾರು ಕಣ್ಣಿಗೆ ಕಾಣುವಷ್ಟು ಬದಲಾಗಬೇಕು. ಅಂಥ ಕಡೆ ಇವು ಹೇಳಿ ಮಾಡಿಸಿದವು. ಮಷೀನ್ ತುದಿಗೆ ಒಳ್ಳೆಯ ಪ್ಯಾಡ್ ಹಾಕಿ ಸಮಾಧಾನದಿಂದ ಮಾಡಿದರೆ ಸಾಧಾರಣ ಸ್ವರ್ಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಾಗಿಯೇ ಹೋಗುತ್ತವೆ. ಬಣ್ಣ ಮೆದುವಾಗಿದ್ದರೆ ಇನ್ನೂ ಜಾಸ್ತಿ. ಇವನ್ನು ಕೈಯಲ್ಲಿ ಹಚ್ಚಲು ಮಾತ್ರ ಹೋಗಬೇಡಿ. ತೋಳು ನೋಯುತ್ತದೆ, ಪುಡಿ ಸಮನಾಗಿ ಕೆಲಸ ಮಾಡುವುದಿಲ್ಲ, ಬಣ್ಣ ಅಲ್ಲಲ್ಲಿ ಮಸುಕಾಗಿ ಉಳಿಯುತ್ತದೆ.

ನಾಲ್ಕನೆಯದು ಸೆರಾಮಿಕ್ ಅಂತ ಬರೆದುಕೊಂಡು ಬರುವ ಪಾಲಿಶ್ ಮತ್ತು ವ್ಯಾಕ್ಸ್. ಟರ್ಟಲ್ ವ್ಯಾಕ್ಸ್‌ನ ಹೈಬ್ರಿಡ್ ಸೊಲ್ಯೂಷನ್ಸ್ ಸಾಲಿನಲ್ಲಿ ಹೀಗೊಂದಿದೆ. ಇವು ನೀರನ್ನು ಚೆನ್ನಾಗಿ ಓಡಿಸುತ್ತವೆ, ಮೇಣಕ್ಕಿಂತ ಸೋಪಿಗೆ ಸ್ವಲ್ಪ ಹೆಚ್ಚು ತಡೆಯುತ್ತವೆ. ಆದರೆ ಸೆರಾಮಿಕ್ ಕೋಟಿಂಗ್ ಅಂತ ಸಣ್ಣ ಗಾಜಿನ ಸೀಸೆಯಲ್ಲಿ ಬರುವ, ಬರಿ ಬಣ್ಣದ ಮೇಲೆ ಹಚ್ಚಿ ಗಂಟೆಗಟ್ಟಲೆ ಗಟ್ಟಿಯಾಗಲು ಬಿಡುವ ಸಾಮಾನು ಇದಲ್ಲ. ಎರಡಕ್ಕೂ ಸಂಬಂಧ ಹೆಸರಿನಲ್ಲಷ್ಟೇ. ಮೇಲಿನ ಪದರ ಸಿಲಿಕಾದ್ದೇ ಇರಲಿ, ಕೆಳಗೆ ಪಾಲಿಶ್‌ನ ಎಣ್ಣೆ ಇದ್ದೇ ಇದೆಯಲ್ಲ. ಹೀಗಾಗಿ ವರ್ಷಗಟ್ಟಲೆ ಬಾಳುತ್ತದೆ ಅಂತ ಎಣಿಸಬೇಡಿ.

ಇನ್ನೊಂದು ಮಾತು. ಗ್ಲೇಜ್ ಅಂತ ಬರೆದಿರುವ ಬಾಟಲಿಗಳು ಸಿಗುತ್ತವೆ. ಅವು ಹೆಚ್ಚಾಗಿ ಎಣ್ಣೆ ಮತ್ತು ಫಿಲ್ಲರ್, ಹೊಳಪು ಕೊಡುತ್ತವೆ, ರಕ್ಷಣೆ ಇರುವುದಿಲ್ಲ. ಆಲ್ ಇನ್ ಒನ್ ಅಂದುಕೊಂಡು ತರಬೇಡಿ.

ಕಟ್ ಎಷ್ಟು ಅನ್ನುವ ಅಂಕಿ

ಬಹಳ ಬಾಟಲಿಗಳ ಮೇಲೆ ಕಟ್ (ಉಜ್ಜುವ ಶಕ್ತಿ) ಇಷ್ಟು, ಗ್ಲಾಸ್ (ಹೊಳಪು) ಇಷ್ಟು ಅಂತ ಹತ್ತಕ್ಕೆ ಅಂಕ ಕೊಟ್ಟಿರುತ್ತಾರೆ. ಅದನ್ನು ಆ ಕಂಪನಿಯ ಬೇರೆ ಬಾಟಲಿಗಳ ಜೊತೆ ಹೋಲಿಸಲು ಮಾತ್ರ ಬಳಸಿ. ಒಂದು ಕಂಪನಿಯ 5 ಇನ್ನೊಂದು ಕಂಪನಿಯ 5ಕ್ಕೆ ಸಮ ಅಲ್ಲ, ಎಲ್ಲರಿಗೂ ಸೇರಿದ ಅಳತೆಗೋಲು ಅಂತ ಒಂದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಪ್ಯಾಡ್. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಒಂದೇ ಬಾಟಲಿಯನ್ನು ಮೆತ್ತನೆ ಫಿನಿಶಿಂಗ್ ಫೋಮ್ ಪ್ಯಾಡ್ ಮೇಲೆ ಹಾಕಿದರೆ ಬರೀ ಹೊಳಪು ಸಿಗುತ್ತದೆ. ಅದನ್ನೇ ಸ್ವಲ್ಪ ಗಟ್ಟಿಯಾದ ಪಾಲಿಶಿಂಗ್ ಪ್ಯಾಡ್‌ಗೆ ಹಾಕಿದರೆ ಗೀರು ಹೋಗಲು ಶುರುವಾಗುತ್ತದೆ. ಮೈಕ್ರೋಫೈಬರ್ ಕಟಿಂಗ್ ಪ್ಯಾಡ್ ಹಾಕಿದರಂತೂ ಅದೇ ಬಾಟಲಿ ಕಾಂಪೌಂಡ್ ಹತ್ತಿರ ಹತ್ತಿರ ಉಜ್ಜುತ್ತದೆ, ಆದರೆ ಮೆದು ಬಣ್ಣದ ಮೇಲೆ ತನ್ನದೇ ಮಸುಕು ಬಿಡಬಹುದು. ಎರಡು ಬೇರೆ ಬೇರೆ ಬಾಟಲಿ ಕೊಂಡು ಒದ್ದಾಡುವ ಬದಲು ಒಂದು ಒಳ್ಳೆ ಬಾಟಲಿ ಕೊಂಡು ಎರಡು ಮೂರು ಬಗೆಯ ಪ್ಯಾಡ್ ಇಟ್ಟುಕೊಳ್ಳುವುದು ಎಷ್ಟೋ ಮೇಲು. ಹಾಗಾಗಿ ಮಧ್ಯಮ ಕಟ್ ಇರುವುದನ್ನು ಆರಿಸಿ ಅನ್ನುವುದು ನನ್ನ ಸಲಹೆ. ಪ್ಯಾಡ್ ಬದಲಿಸಿ ಅದನ್ನು ಮೇಲಕ್ಕೂ ಕೆಳಕ್ಕೂ ಹೊಂದಿಸಿಕೊಳ್ಳಬಹುದು.

ಪುಡಿಯಲ್ಲೂ ಎರಡು ಜಾತಿ ಇದೆ. ಒಂದು, ಉಜ್ಜುತ್ತಾ ಹೋದ ಹಾಗೆ ಒಡೆದು ಸಣ್ಣದಾಗುವಂಥದ್ದು. ಶುರುವಿನಲ್ಲಿ ಹೆಚ್ಚು ಕತ್ತರಿಸಿ ಕೊನೆಗೆ ನಯ ಮಾಡುತ್ತದೆ, ಆದ್ದರಿಂದ ಅದನ್ನು ಪೂರ್ತಿ ಓಡಿಸಬೇಕು, ಅರ್ಧಕ್ಕೆ ನಿಲ್ಲಿಸಿದರೆ ಮಸುಕು ಉಳಿಯುತ್ತದೆ. ಇನ್ನೊಂದು, ಒಡೆಯದೆ ಕೊನೆಯವರೆಗೂ ಒಂದೇ ಗಾತ್ರದಲ್ಲಿರುವಂಥದ್ದು. ಇದು ಕಲಿಯುವವರಿಗೆ ಸುಲಭ, ಯಾವಾಗ ನಿಲ್ಲಿಸಬೇಕು ಅನ್ನುವ ಲೆಕ್ಕ ಅಷ್ಟು ಕಟ್ಟುನಿಟ್ಟಲ್ಲ.

ಕೈಯೋ, ಮಷೀನೋ

ಮಷೀನ್ ಇಲ್ಲ, ಕೊಳ್ಳುವ ಯೋಚನೆಯೂ ಇಲ್ಲ ಅಂದರೆ ಮೊದಲ ಎರಡು ಬಗೆಯ ಬಾಟಲಿಗಳನ್ನು ಬಿಟ್ಟು ಆಚೆ ನೋಡಬೇಡಿ. ಕೈಯಲ್ಲಿ ಎಷ್ಟೇ ಜೋರಾಗಿ ಉಜ್ಜಿದರೂ ನಿಮಿಷಕ್ಕೆ ಸಾವಿರಾರು ಸಲ ಅಲುಗುವ ಮಷೀನ್‌ಗೆ ಸಮ ಬರುವುದಿಲ್ಲ, ಒತ್ತಡವೂ ಬೆರಳಿದ್ದ ಕಡೆ ಹೆಚ್ಚು, ಇಲ್ಲದ ಕಡೆ ಕಡಿಮೆ ಬೀಳುತ್ತದೆ.

ಮಷೀನ್ ಕೊಳ್ಳುವುದಾದರೆ ಡ್ಯುಯಲ್ ಆಕ್ಷನ್ ಕೊಳ್ಳಿ. ಅದು ತಿರುಗುವುದರ ಜೊತೆಗೆ ಅತ್ತಿತ್ತ ಅಲುಗುತ್ತದೆ, ಹಾಗಾಗಿ ಒಂದೇ ಜಾಗ ಕಾಯುವುದು ಕಡಿಮೆ, ಹೊಸಬರೂ ಧೈರ್ಯವಾಗಿ ಹಿಡಿಯಬಹುದು. ಅಲುಗುವ ಅಳತೆ 8 ಮಿ.ಮೀ., 15 ಮಿ.ಮೀ., 21 ಮಿ.ಮೀ. ಹೀಗೆ ಸಿಗುತ್ತವೆ. ಅಳತೆ ದೊಡ್ಡದಾದಷ್ಟೂ ಬಾನೆಟ್, ರೂಫ್‌ನಂಥ ಅಗಲ ಜಾಗ ಬೇಗ ಮುಗಿಯುತ್ತದೆ, ಇಕ್ಕಟ್ಟಿನ ಬಾಗುಗಳಲ್ಲಿ ಸಣ್ಣದೇ ಅನುಕೂಲ. ರೋಟರಿ ಮಷೀನ್ ಒಂದೇ ಸಮನೆ ಸುತ್ತುತ್ತದೆ, ಬೇಗ ಕತ್ತರಿಸುತ್ತದೆ, ಬೇಗ ಬಿಸಿಯೂ ಆಗುತ್ತದೆ. ಅನುಭವ ಇಲ್ಲದೆ ಅಂಚುಗಳ ಮೇಲೆ ಅದನ್ನು ಓಡಿಸಬೇಡಿ, ಅಂಚಿನಲ್ಲಿ ಬಣ್ಣ ಎಲ್ಲಕ್ಕಿಂತ ತೆಳು.

ಬಣ್ಣ ಮತ್ತು ಗಟ್ಟಿತನ

ಬಿಳಿ, ಬೆಳ್ಳಿ, ತಿಳಿ ಬೂದು ಬಣ್ಣಗಳು ಗೀರನ್ನು ತಾವೇ ಮುಚ್ಚಿಕೊಳ್ಳುತ್ತವೆ. ಇಂಥ ಕಾರಿಗೆ ಮೃದುವಾದ ಆಲ್ ಇನ್ ಒನ್ ಹಾಕಿದರೂ ನೋಡಿದವರಿಗೆ ಖುಷಿಯಾಗುತ್ತದೆ. ಕಪ್ಪು, ಗಾಢ ನೀಲಿ, ಗಾಢ ಕೆಂಪು ಬಣ್ಣಗಳು ಏನನ್ನೂ ಬಚ್ಚಿಡುವುದಿಲ್ಲ. ಗೀರು ಹೋದರೂ ಪಾಲಿಶ್ ತಾನೇ ಬಿಟ್ಟ ಸಣ್ಣ ಮಸುಕು ಎದ್ದು ಕಾಣುತ್ತದೆ. ಕಪ್ಪು ಕಾರು ಕನ್ನಡಿಯಂತೆ ಇರಲೇಬೇಕು ಅನ್ನುವವರಾದರೆ ದಯವಿಟ್ಟು ಆಲ್ ಇನ್ ಒನ್ ಬಿಡಿ. ಕಾಂಪೌಂಡ್, ಫಿನಿಶಿಂಗ್ ಪಾಲಿಶ್, ಆಮೇಲೆ ಸೀಲಂಟ್, ಹೀಗೆ ಬೇರೆ ಬೇರೆ ಹಂತದಲ್ಲೇ ಮಾಡಿ. ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ನಿಮಗೆ ಬೇಕಾದ್ದು ಸಿಗುವುದು ಅಲ್ಲೇ.

ಕ್ಲಿಯರ್ ಕೋಟ್ ಕೂಡ ಎಲ್ಲ ಕಾರಲ್ಲೂ ಒಂದೇ ಗಟ್ಟಿ ಇರುವುದಿಲ್ಲ. ಇಂಥ ದೇಶದ ಕಾರಿನದು ಮೆದು, ಅಂಥದ್ದು ಗಟ್ಟಿ ಅಂತ ಜನ ಹೇಳುವುದುಂಟು, ಅದನ್ನು ನೆಚ್ಚಿಕೊಳ್ಳಬೇಡಿ. ಒಂದೇ ಕಾರಿನಲ್ಲಿ ಮತ್ತೆ ಪೇಂಟ್ ಮಾಡಿಸಿದ ಬಾಗಿಲು ಬೇರೆ ಥರ, ಕಂಪನಿ ಬಣ್ಣ ಇರುವ ಬಾಗಿಲು ಬೇರೆ ಥರ ನಡೆದುಕೊಳ್ಳುತ್ತದೆ. ಗೊತ್ತಾಗುವುದು ಒಂದೇ ದಾರಿಯಲ್ಲಿ, ಪರೀಕ್ಷೆ ಮಾಡಿ ನೋಡುವುದು.

ಬಾನೆಟ್ ಮೇಲೆ ಸುಮಾರು ಒಂದೂವರೆ ಅಡಿ ಚೌಕದ ಜಾಗ ಟೇಪ್ ಹಚ್ಚಿ ಗುರುತು ಮಾಡಿ. ಮೊದಲು ಮೆತ್ತನೆ ಪ್ಯಾಡ್‌ನಿಂದ ಶುರು ಮಾಡಿ. ಪ್ಯಾಡ್ ಮೇಲೆ ಮೂರು ನಾಲ್ಕು ಸಣ್ಣ ಬೊಟ್ಟು ಪಾಲಿಶ್ ಸಾಕು. ಕಡಿಮೆ ವೇಗದಲ್ಲಿ ಹರಡಿ, ಆಮೇಲೆ ವೇಗ ಏರಿಸಿ ನಿಧಾನವಾಗಿ ಅಡ್ಡಡ್ಡ, ಉದ್ದುದ್ದ ನಾಲ್ಕರಿಂದ ಆರು ಸಲ ಓಡಿಸಿ. ಒರೆಸಿ ಟಾರ್ಚ್ ಬಿಟ್ಟು ನೋಡಿ. ಸಾಲದಿದ್ದರೆ ಅದೇ ಪಾಲಿಶ್, ಸ್ವಲ್ಪ ಗಟ್ಟಿ ಪ್ಯಾಡ್. ಅಲ್ಲೂ ಸಾಲದಿದ್ದರೆ ಆ ಬಾಟಲಿ ನಿಮ್ಮ ಕಾರಿಗೆ ಸಾಲದು.

ಈ ಪರೀಕ್ಷೆಯಲ್ಲೇ ಇನ್ನೊಂದು ಸತ್ಯ ತಿಳಿದುಕೊಳ್ಳಬಹುದು. ಗೀರು ನಿಜವಾಗಿ ಹೋಗಿದೆಯೋ, ತುಂಬಿಕೊಂಡು ಮರೆಯಾಗಿದೆಯೋ? ಪ್ಯಾನೆಲ್ ವೈಪ್ (ಎಣ್ಣೆ, ಮೇಣ ತೆಗೆಯುವ ದ್ರವ) ಅಥವಾ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್ ಅನ್ನು ಮೈಕ್ರೋಫೈಬರ್ ಬಟ್ಟೆಗೆ ಚಿಮುಕಿಸಿ ಆ ಚೌಕವನ್ನು ಒರೆಸಿ, ಮತ್ತೆ ಟಾರ್ಚ್ ಬಿಡಿ. ಗೀರು ವಾಪಸ್ ಬಂದರೆ ಅಷ್ಟು ಹೊತ್ತು ನೀವು ನೋಡಿದ್ದು ಫಿಲ್ಲರ್ ಮತ್ತು ಎಣ್ಣೆಯ ಕೈಚಳಕ. ಹಾಗೇ ಉಳಿದರೆ ಪುಡಿ ಕೆಲಸ ಮಾಡಿದೆ. ಎರಡು ಬಾಟಲಿಗಳ ನಡುವೆ ತೀರ್ಮಾನ ಮಾಡಲು ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ. ಬಾನೆಟ್ಟಿನ ಅರ್ಧಕ್ಕೆ ಒಂದು, ಇನ್ನರ್ಧಕ್ಕೆ ಇನ್ನೊಂದು ಹಾಕಿ, ಎರಡನ್ನೂ ಒರೆಸಿ ನೋಡಿ. ಯಾವ ಜಾಹೀರಾತೂ ಬೇಕಾಗಿಲ್ಲ. ನೆನಪಿಡಿ, ಹೀಗೆ ಒರೆಸಿದ ಜಾಗದಲ್ಲಿ ವ್ಯಾಕ್ಸ್ ಕೂಡ ಹೋಗಿರುತ್ತದೆ, ಅಲ್ಲಿ ಮತ್ತೆ ಹಚ್ಚಬೇಕು.

ಈಗ ಮೇಣದ ವಿಷಯ

ಕಾರ್ನೂಬಾ ಅನ್ನುವುದು ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ. ಸಹಜವಾಗಿ ಸಿಗುವ ಮೇಣಗಳಲ್ಲಿ ಬಹಳ ಗಟ್ಟಿಯಾದದ್ದು, ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹೊಳಪು ಬೆಚ್ಚಗೆ, ತುಂಬಿಕೊಂಡಂತೆ ಕಾಣುತ್ತದೆ, ಗಾಢ ಬಣ್ಣಗಳಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಬಾಟಲಿಯಲ್ಲಿ ಇರುವುದು ಬರಿ ಕಾರ್ನೂಬಾ ಅಲ್ಲ, ಎಣ್ಣೆ, ಸಾಲ್ವೆಂಟ್ ಬೆರೆಸಿ ಮೆದು ಮಾಡಿದ್ದು. ಬಿಸಿಲು, ಕಟುವಾದ ಶಾಂಪೂ ಎರಡೂ ಅದಕ್ಕೆ ಆಗುವುದಿಲ್ಲ. ಆಲ್ ಇನ್ ಒನ್‌ನಲ್ಲಿ ಬಂದಾಗ ಒಂದೆರಡು ತಿಂಗಳು ನಿಂತರೆ ಒಳ್ಳೆಯದೇ ಅಂದುಕೊಳ್ಳಿ.

ಪಾಲಿಮರ್ ಸೀಲಂಟ್ ಇರುವುದು ಇನ್ನೂ ಸ್ವಲ್ಪ ದಿನ ಬರುತ್ತದೆ, ಹೊಳಪು ಗಾಜಿನಂತೆ ತಣ್ಣಗೆ, ಚುರುಕಾಗಿ ಕಾಣುತ್ತದೆ. ತಿಳಿ ಬಣ್ಣ, ಮೆಟಾಲಿಕ್ ಬಣ್ಣಕ್ಕೆ ನನಗೆ ಇದೇ ಇಷ್ಟ. ಸಿಲಿಕಾ ಇರುವುದು ನೀರು ಜಾರಿಸುವುದರಲ್ಲಿ ಮುಂದು. ಆದರೆ ನೀರು ಮಣಿಗಳಾಗಿ ನಿಂತು ಬಿಸಿಲಲ್ಲಿ ಒಣಗಿದರೆ ಕಲೆ ಉಳಿಯುತ್ತದೆ, ಗಡಸು ನೀರಾದರೆ ಇನ್ನೂ ಕಷ್ಟ. ಮಣಿ ಚೆನ್ನಾಗಿ ಕಟ್ಟುತ್ತದೆ ಅನ್ನುವುದೇ ರಕ್ಷಣೆಗೆ ಸಾಕ್ಷಿ ಅಂತ ತಿಳಿಯಬೇಡಿ. ಈ ಮೂರರ ನಡುವಿನ ವ್ಯತ್ಯಾಸ, ಆಲ್ ಇನ್ ಒನ್ ಮಟ್ಟಿಗೆ, ಕೆಲವು ವಾರಗಳದ್ದು. ಅಷ್ಟಕ್ಕೆ ಉಜ್ಜುವ ಶಕ್ತಿಯನ್ನು ಬಿಟ್ಟುಕೊಡಬೇಡಿ ಅನ್ನುವುದೇ ನನ್ನ ಹಠ.

ಯಾರು ಕೊಳ್ಳಲೇಬಾರದು

ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಕಾರಿಗೆ ಬೇಡವೇ ಬೇಡ. ಪುಡಿ ಸೋಕಿದ ಕಡೆ ಹೊಳಪಿನ ಮಚ್ಚೆ ಬಿದ್ದರೆ ಅದನ್ನು ಮತ್ತೆ ಮ್ಯಾಟ್ ಮಾಡಲು ಆಗುವುದಿಲ್ಲ. ಸೆರಾಮಿಕ್ ಕೋಟಿಂಗ್ ಮಾಡಿಸಿದ ಕಾರಿಗೂ ಬೇಡ, ಉಜ್ಜುವ ಪುಡಿ ಆ ಕೋಟಿಂಗನ್ನೇ ತಿನ್ನುತ್ತದೆ. ನಾಳೆ ಕೋಟಿಂಗ್ ಮಾಡಿಸುವ ಯೋಚನೆ ಇದ್ದರೂ ಇದು ಸರಿಯಲ್ಲ, ಬಿಟ್ಟುಹೋದ ಎಣ್ಣೆ ಮತ್ತು ಮೇಣದ ಮೇಲೆ ಕೋಟಿಂಗ್ ಹಿಡಿಯುವುದಿಲ್ಲ. ಮೇಣವಿಲ್ಲದ ಬರಿ ಪಾಲಿಶ್ ಕೊಳ್ಳಿ. ಹೊಸದಾಗಿ ಪೇಂಟ್ ಮಾಡಿಸಿದ ಭಾಗವಿದ್ದರೆ ಕನಿಷ್ಠ 30 ದಿನ, ಕೆಲವು ಪೇಂಟ್‌ಗೆ ಅದಕ್ಕಿಂತ ಜಾಸ್ತಿ ಕಾಯಬೇಕು. ಒಳಗಿನ ಸಾಲ್ವೆಂಟ್ ಆರುವ ಮೊದಲೇ ಮೇಣ ಬಳಿದು ಮುಚ್ಚಬಾರದು. ಎಷ್ಟು ದಿನ ಅಂತ ಪೇಂಟ್ ಮಾಡಿದವರನ್ನೇ ಕೇಳಿ. ಇನ್ನು ಪೇಂಟ್ ಬೂತ್ ಇರುವ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವರು ಸಿಲಿಕೋನ್ ಇಲ್ಲದ್ದನ್ನೇ ಬಳಸಬೇಕು, ಸಿಲಿಕೋನ್ ತಗುಲಿದ ಕಡೆ ಹೊಸ ಬಣ್ಣ ಕೂರದೆ ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ.

ಕ್ಲಿಯರ್ ಕೋಟ್ ಇಲ್ಲದ ಹಳೆ ಕಾಲದ ಬಣ್ಣದ ಕಾರುಗಳಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ಪ್ಯಾಡ್‌ಗೆ ಕಾರಿನ ಬಣ್ಣ ಬಂದರೆ ಗಾಬರಿಯಾಗಬೇಡಿ, ಸತ್ತ ಮೇಲ್ಪದರ ಎದ್ದು ಬರುತ್ತಿದೆ. ಅದೂ ತೆಳುವೇ, ಹಾಗಾಗಿ ಮೆತ್ತಗೆ ಮಾಡಿ.

ಲೇಬಲ್ ಹೇಳದ ಕೆಲವು ವಿಷಯ

ಒರೆಸುವುದು ಎಷ್ಟು ಸುಲಭ ಅನ್ನುವುದು ಕೆಲಸದ ದಿನ ಬಹಳ ಮುಖ್ಯ. ಕೆಲವನ್ನು ಒಣಗಲು ಬಿಟ್ಟು ಒರೆಸಬೇಕು, ಕೆಲವನ್ನು ಒದ್ದೆ ಇರುವಾಗಲೇ. ಬಿಸಿ ಪ್ಯಾನೆಲ್ ಮೇಲೆ ಯಾವುದನ್ನೇ ಹಚ್ಚಿದರೂ ಅಂಟಿಕೊಂಡು ಗೋಳು ಹುಯ್ಯುತ್ತದೆ. ಕಾರು ತಣ್ಣಗಿರಲಿ, ನೆರಳಲ್ಲಿರಲಿ. ಕೆಲವು ಬಾಟಲಿಗಳು ಪುಡಿ ಪುಡಿಯಾಗಿ ಉದುರಿ ಗ್ಲಾಸ್ ಸಂದಿ, ಬಾಗಿಲ ಸಂದಿ ಎಲ್ಲ ಕಡೆ ತುಂಬುತ್ತವೆ. ಮೇಣ ಇರುವ ಪಾಲಿಶ್ ಬಂಪರ್ ಅಂಚಿನ ಕಪ್ಪು ಒರಟು ಪ್ಲಾಸ್ಟಿಕ್‌ಗೆ ತಗುಲಿದರೆ ಬೆಳ್ಳಗೆ ಕೂತುಬಿಡುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಮೊದಲೇ ಟೇಪ್ ಹಚ್ಚಿಕೊಳ್ಳಿ.

ಪ್ಯಾಡ್ ಬೇಗ ತುಂಬಿಕೊಳ್ಳುವುದು ಈ ಬಗೆಯ ಬಾಟಲಿಗಳ ಸ್ವಭಾವ. ಎಣ್ಣೆ, ಮೇಣ, ಎದ್ದು ಬಂದ ಬಣ್ಣದ ಪುಡಿ ಮೂರೂ ಸೇರಿ ಪ್ಯಾಡ್ ಜಿಡ್ಡಾಗುತ್ತದೆ, ಆಮೇಲೆ ಕಟ್ ಬಿದ್ದುಹೋಗುತ್ತದೆ. ಮೊದಲ ಬಾಗಿಲು ಚೆನ್ನಾಗಿ ಬಂತು, ನಾಲ್ಕನೆಯದು ಬರಲಿಲ್ಲ ಅಂದರೆ ಹೆಚ್ಚಾಗಿ ತಪ್ಪು ಪಾಲಿಶ್‌ದಲ್ಲ, ಪ್ಯಾಡಿನದು. ಪ್ರತಿ ಪ್ಯಾನೆಲ್ ಆದ ಮೇಲೆ ಬ್ರಶ್‌ನಿಂದ ತಿಕ್ಕಿ, ಒಂದು ಕಾರಿಗೆ ಮೂರು ನಾಲ್ಕು ಪ್ಯಾಡ್ ಇಟ್ಟುಕೊಳ್ಳಿ. ಹಚ್ಚುವ ಮೊದಲು ಬಣ್ಣದ ಮೇಲೆ ಕೈಯಾಡಿಸಿ. ಮರಳಿನಂತೆ ತರಿತರಿ ಅನ್ನಿಸಿದರೆ ಕ್ಲೇ ಬಾರ್ (ಅಂಟಿದ ಕಣಗಳನ್ನು ಎತ್ತುವ ಜೇಡಿಯಂಥ ಮುದ್ದೆ) ಎಳೆದು ಶುದ್ಧ ಮಾಡಲೇಬೇಕು, ಇಲ್ಲದಿದ್ದರೆ ಆ ಕಣಗಳನ್ನೇ ಪ್ಯಾಡ್ ಹಿಡಿದು ಕಾರಿನ ತುಂಬಾ ಹೊಸ ಗೀರು ಹಾಕುತ್ತದೆ.

ನನ್ನ ಆಯ್ಕೆ

ಮಷೀನ್ ಇಲ್ಲ, ಕಾರು ಹೆಚ್ಚು ಕೆಟ್ಟಿಲ್ಲ: ಮೆಗ್ವಾಯರ್ಸ್ ಕ್ಲೀನರ್ ವ್ಯಾಕ್ಸ್‌ನಂಥದ್ದು, ಅಷ್ಟೇ. ಮಷೀನ್ ಇಲ್ಲ, ಕಪ್ಪು ಕಾರು, ಸ್ವರ್ಲ್ ಕಣ್ಣಿಗೆ ಚುಚ್ಚುತ್ತಿದೆ: ಸೂಪರ್ ರೆಸಿನ್ ಪಾಲಿಶ್, ಅದರ ಮೇಲೆ ಸೀಲಂಟ್. ಡ್ಯುಯಲ್ ಆಕ್ಷನ್ ಮಷೀನ್ ಇದೆ, ದಿನಾ ಓಡಿಸುವ ಕಾರು, ಒಂದು ಮಧ್ಯಾಹ್ನದಲ್ಲಿ ಮುಗಿಯಬೇಕು ಅನ್ನುವವರಿಗೆ ಡಿ151 ಅಥವಾ ತ್ರೀಡಿ ಸ್ಪೀಡ್, ಪಾಲಿಶಿಂಗ್ ಫೋಮ್ ಪ್ಯಾಡ್ ಜೊತೆ. ಗೀರು ಸ್ವಲ್ಪ ಜಾಸ್ತಿ ಇದ್ದರೆ ಕೋಖ್ ಕೆಮಿ ಅಥವಾ ಮೆನ್ಜರ್ನಾ ಕಡೆ ವಾಲುತ್ತೇನೆ. ಮೊದಲು ಚಿಕ್ಕ ಬಾಟಲಿ ಸಿಕ್ಕಿದರೆ ಅದನ್ನೇ ತನ್ನಿ, ಹಿಡಿಸಿದ ಮೇಲೆ ದೊಡ್ಡದು ತರಬಹುದು.

ಮೂರು ತಿಂಗಳಿಗೆ ಮೇಣ ಹೋಯಿತು ಅಂತ ಮತ್ತೆ ಅದೇ ಬಾಟಲಿ ಹಿಡಿದು ಕಾರಿನ ಸುತ್ತ ಮಷೀನ್ ಓಡಿಸಬೇಡಿ. ಅದರಲ್ಲಿ ಪುಡಿ ಇದೆ, ಪ್ರತಿ ಸಲವೂ ಸ್ವಲ್ಪ ಕ್ಲಿಯರ್ ಕೋಟ್ ಹೋಗುತ್ತದೆ. ಮಧ್ಯೆ ಮಧ್ಯೆ ತೊಳೆದಾದ ಮೇಲೆ ಸ್ಪ್ರೇ ವ್ಯಾಕ್ಸೋ ಸ್ಪ್ರೇ ಸೀಲಂಟೋ ಹಾಕುತ್ತಾ ಬನ್ನಿ. ಟಾರ್ಚ್ ಬೆಳಕಿಗೆ ಸ್ವರ್ಲ್ ಮತ್ತೆ ಕಾಣತೊಡಗಿದಾಗ, ಹೆಚ್ಚೆಂದರೆ ವರ್ಷಕ್ಕೊಮ್ಮೆ, ಆಲ್ ಇನ್ ಒನ್ ತೆಗೆಯಿರಿ. ತೊಳೆಯುವಾಗ ಸ್ವಚ್ಛ ಮೈಕ್ರೋಫೈಬರ್ ಮಿಟ್ (ತೊಳೆಯುವ ಕೈಗವಸು), ಎರಡು ಬಕೆಟ್, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಮಿಟ್ ಜಾಲಿಸುವ ನೀರು ಇಟ್ಟುಕೊಂಡರೆ ಆ ವರ್ಷ ಎರಡಾಗಬಹುದು.